ಮನೆಯನ್ನೇ ಹೊತ್ತು ಹೊರಟರೆ ಸ್ವಾತಂತ್ರ್ಯವೇ?


*ಇಂದಿನ ಧಮ್ಮ ಚಿಂತನೆ*



ಇವತ್ತಿನ ಚಿಂತನೆ ಸ್ವಲ್ಪ ಉದ್ದವಿದೆ. ಬಿಡುವಿದ್ದಾಗ ಓದಿ. ಸಾಧ್ಯವಾದರೆ ಮನೆಯ ಹಿರಿಯರಿಗೂ ಓದಿ ಹೇಳಿ, ಏಕೆಂದರೆ ವಿಷಯ ಅವರದ್ದೂ ಹೌದು.

ಪ್ರಶ್ನೆ ಇಷ್ಟೇ: ದಾರಿಯಲ್ಲಿ ಯಾರನ್ನೂ ಏನನ್ನೂ ಕೇಳುವ ಪ್ರಸಂಗವೇ ಬರದಂತೆ ಹಾಸಿಗೆ, ಒಲೆ, ನೀರು ಎಲ್ಲವನ್ನೂ ಕಟ್ಟಿಕೊಂಡು ಹೊರಡುವುದು ಸ್ವಾವಲಂಬನೆಯೇ? ಅಥವಾ ನಮ್ಮ ಹಿರಿಯರ ಹಳೆಯ ಭಯಕ್ಕೆ ನಾವು ಹೊಸ ಗಾಲಿ ಹಾಕಿದ್ದೇವೆಯೇ?

ಇದು ಪುಸ್ತಕದಿಂದ ಎತ್ತಿಕೊಂಡ ಪ್ರಶ್ನೆಯಲ್ಲ. ಹೋದ ವರ್ಷ ನಾವು ಸೆಕೆಂಡ್ ಹ್ಯಾಂಡ್ ಮಾರುತಿ ಈಕೋ ವ್ಯಾನೊಂದನ್ನು ಕೊಂಡೆವು. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುವವನು. ರಜೆಯಲ್ಲಿ ಮನೆಯವರೆಲ್ಲ ಸೇರಿ ಧಮ್ಮಯಾತ್ರೆ ಮಾಡಬೇಕೆಂಬುದು ಬಹಳ ದಿನದ ಆಸೆ. ಬ್ರಹ್ಮಗಿರಿ, ಮಸ್ಕಿ, ಸನ್ನತಿ, ಕಲಬುರಗಿಯ ಬುದ್ಧ ವಿಹಾರ, ಮುಂದೆ ನಾಗಪುರದ ದೀಕ್ಷಾಭೂಮಿ. ಐದು ಜನಕ್ಕೆ ದಿನವೂ ಎರಡು ರೂಮು ಹಿಡಿದರೆ ಮಾಸ್ತರರ ಸಂಬಳ ಕರಗಿಹೋಗುತ್ತದೆ. ಆದ್ದರಿಂದ ವ್ಯಾನನ್ನೇ ಮಲಗುವ ಗಾಡಿ ಮಾಡೋಣ ಎಂದುಕೊಂಡೆವು. ಮಾಡುತ್ತಾ ಹೋದಂತೆ ಮೇಲಿನ ಪ್ರಶ್ನೆ ತಾನಾಗಿ ಎದ್ದಿತು.

*ಗಾಡಿ ಹೇಗಾಯಿತು*

ಮೊದಲು ಕೆಲಸದ ಮಾತು. ಬಹಳ ಜನ ಫೋನಿನಲ್ಲಿ ಕೇಳಿದ್ದೀರಿ.

ಸೀಟು ಕೀಳಲಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ನೋಂದಣಿ ಪತ್ರಕ್ಕೂ ತಾಳೆಯಾಗದಂತೆ ವಾಹನವನ್ನು ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನು ಎತ್ತಿಹಿಡಿದಿದೆ. ಸಂವಿಧಾನದ ಬಲದಿಂದ ತಲೆಯೆತ್ತಿದವರು ನಾವು, ನಮ್ಮ ಅನುಕೂಲಕ್ಕೆ ಕಾನೂನನ್ನು ಪಕ್ಕಕ್ಕಿಡುವುದು ಸಲ್ಲದು. ಆದ್ದರಿಂದ ಹಾಕಿ ತೆಗೆಯುವಂಥ ವ್ಯವಸ್ಥೆ ಮಾಡಿದೆವು. 12 ಮಿಲಿಮೀಟರ್ ಪ್ಲೈವುಡ್ಡಿನ ಮೂರು ಹಲಗೆಗಳು, ಅವುಗಳ ನಡುವೆ ಹಿಂಜು. ಹಗಲು ಮಡಚಿ ಹಿಂದೆ ನಿಲ್ಲಿಸಿದರೆ ಸೀಟು ಸೀಟಾಗಿಯೇ ಇರುತ್ತದೆ. ರಾತ್ರಿ ಹಿಂದಿನ ಸೀಟಿನ ಬೆನ್ನು ಮಡಚಿ, ಮೇಲೆ ಹಲಗೆ ಹಾಸಿ, ಕೆಳಗೆ ಎರಡು ಮರದ ಪೆಟ್ಟಿಗೆ ಆಸರೆ ಕೊಟ್ಟರೆ ಮಂಚ. ಬ್ರೇಕು ಹಾಕಿದಾಗ ಹಲಗೆ ಮುಂದಕ್ಕೆ ಹಾರಿ ಬರದಂತೆ ಎರಡು ಕಡೆ ಪಟ್ಟಿ ಬಿಗಿದಿದ್ದೇವೆ. ಇದನ್ನು ಯಾರೂ ಮರೆಯಬೇಡಿ.

ಹಾಸಿಗೆಗೆ ಫೋಮು ತರಲಿಲ್ಲ, ಅಮ್ಮ ಹೊಲಿದ ಎರಡು ಕೌದಿಗಳೇ ಸಾಕಾದವು. ಈಕೋದ ಇಂಜಿನ್ನು ಮುಂದಿನ ಸೀಟಿನ ಅಡಿಯಲ್ಲೇ ಇದೆ. ಗಾಡಿ ನಿಲ್ಲಿಸಿದ ಮೇಲೂ ಅಲ್ಲಿನ ಬಿಸಿ ಬಹಳ ಹೊತ್ತು ಒಳಗೇ ಸುತ್ತುತ್ತದೆ. ಮಲಗುವ ಮುಂಚೆ ಬಾಗಿಲೆಲ್ಲ ತೆರೆದಿಟ್ಟು ಆರಲು ಬಿಡಬೇಕು. ರಾತ್ರಿ ಎರಡೂ ಬದಿಯ ಜಾರು ಗಾಜನ್ನು ನಾಲ್ಕು ಬೆರಳಷ್ಟು ತೆರೆದು, ಆ ಸಂದಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಅಯಸ್ಕಾಂತದ ತುಂಡುಗಳಿಂದ ಕಚ್ಚಿಸಿದ್ದೇವೆ. ಹಾಗೆ ಮಾಡದಿದ್ದರೆ ಬೆಳಗಾಗುವಷ್ಟರಲ್ಲಿ ನಮ್ಮ ಉಸಿರೇ ಗಾಜಿನ ಮೇಲೆ ನೀರಾಗಿ ಇಳಿಯುತ್ತದೆ.

ಒಲೆ ಒಂದೇ ಬರ್ನರಿನದು. ಅದನ್ನು ಗಾಡಿಯ ಒಳಗೆ ಎಂದೂ ಹಚ್ಚುವುದಿಲ್ಲ. ಮುಚ್ಚಿದ ಜಾಗದಲ್ಲಿ ಉರಿ ಹಚ್ಚಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಚಳಿ ಎಂದು ಕೆಂಡದ ಬಾಣಲೆ ಒಳಗಿಟ್ಟುಕೊಳ್ಳುವುದೂ ಅಷ್ಟೇ ಅಪಾಯ. ಹಿಂಬಾಗಿಲು ಎತ್ತಿ, ಹೊರಗೆ ನೆಲದ ಮೇಲೆ ಅಡುಗೆ.

ನೀರಿಗೆ ನಲ್ಲಿಯಿರುವ 20 ಲೀಟರಿನ ಕ್ಯಾನು. ತುಂಬಿದರೆ 20 ಕೆಜಿ ತೂಕ, ಆದ್ದರಿಂದ ತಳದಲ್ಲೇ ಇಟ್ಟು ಕಟ್ಟಿದ್ದೇವೆ. ಬೆಳಕಿಗೆ ಚಾರ್ಜು ಮಾಡುವ ಒಂದು ದೀಪ. ಎಲ್ಲ ಸೇರಿ ಖರ್ಚು ₹9,000 ದಾಟಲಿಲ್ಲ, ಬಡಗಿ ಕೂಲಿ ನನ್ನದೇ. ಒಳಗೆ ಅಮ್ಮ, ನನ್ನ ಸಂಗಾತಿ ಮತ್ತು ಚಿಕ್ಕ ಮಗಳು ಮಲಗುತ್ತಾರೆ. ನಾನೂ ದೊಡ್ಡ ಮಗನೂ ಹೊರಗೆ ಸಣ್ಣ ಟೆಂಟಿನಲ್ಲಿ.

*ನಾಲ್ಕು ಪ್ರತ್ಯಯಗಳ ಜರಡಿ*

ಗಾಡಿ ಕಟ್ಟುವಾಗ ಫೋನಿನಲ್ಲಿ ಬೇಕಾದಷ್ಟು ವಿಡಿಯೋ ಬಂದವು. ಅಮೆರಿಕ, ಯುರೋಪಿನವರು ವ್ಯಾನಿನಲ್ಲಿ ಫ್ರಿಜ್ಜು, ಸೋಲಾರು, ಸಿಂಕು, ಕಾಫಿ ಯಂತ್ರ ಎಲ್ಲವನ್ನೂ ಕೂರಿಸಿಕೊಂಡು ಅದನ್ನು ಸರಳ ಜೀವನ ಎನ್ನುತ್ತಾರೆ. ನೋಡುತ್ತಿದ್ದರೆ ಕೈ ತುರಿಸುತ್ತದೆ. ಎರಡನೆಯ ಬ್ಯಾಟರಿ ಹಾಕಿಸಿದರೆ ಫ್ಯಾನು ಓಡುತ್ತದೆ, ಫ್ಯಾನು ಬಂದ ಮೇಲೆ ಫ್ರಿಜ್ಜೇಕೆ ಬೇಡ, ಫ್ರಿಜ್ಜು ಬಂದರೆ ಸೋಲಾರು ಬೇಕೇ ಬೇಕು. ತಣ್ಹಾ ಎಂಬುದು ಕೆಲಸ ಮಾಡುವ ಬಗೆಯೇ ಇದು. ಅದು ಒಮ್ಮೆಲೇ ಅರಮನೆ ಕೇಳುವುದಿಲ್ಲ, "ಇನ್ನೊಂದೇ ಒಂದು" ಎನ್ನುತ್ತದೆ.

ಆಗ ಭಿಕ್ಖುಗಳಿಗೆ ಹೇಳಿದ ನಾಲ್ಕು ಪ್ರತ್ಯಯಗಳನ್ನು ಜರಡಿ ಮಾಡಿಕೊಂಡೆ: ಚೀವರ, ಪಿಂಡಪಾತ, ಸೇನಾಸನ, ಔಷಧ. ಉಡುಗೆ, ಊಟ, ತಂಗುವ ಜಾಗ, ಮದ್ದು. ಅವುಗಳನ್ನು ಬಳಸುವಾಗ ಪ್ರತಿಸಲವೂ "ಇದು ಯಾತಕ್ಕೆ?" ಎಂದು ಪರಾಂಬರಿಸಬೇಕೆಂಬುದು ನಿಯಮ. ತಂಗುವ ಜಾಗ ಚಳಿ, ಬಿಸಿಲು, ಗಾಳಿ, ಸೊಳ್ಳೆ, ಹಾವು ಹಲ್ಲಿಗಳಿಂದ ಕಾಪಾಡಲಿಕ್ಕೆ ಮತ್ತು ಮನಸ್ಸು ಏಕಾಂತದಲ್ಲಿ ನಿಲ್ಲಲಿಕ್ಕೆ. ನೋಡಿ, ಎಷ್ಟು ನೇರವಾದ ಪಟ್ಟಿ! ಸೊಳ್ಳೆಪರದೆ ಜರಡಿಯಲ್ಲಿ ಉಳಿಯಿತು. ಅಮ್ಮನ ಬಿಪಿ ಮಾತ್ರೆಯ ಡಬ್ಬಿ ಉಳಿಯಿತು. ಬಣ್ಣದ ಸೀರಿಯಲ್ ದೀಪ ಉದುರಿಹೋಯಿತು.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಸರಳತೆಯನ್ನು ಹೊಗಳುವ ಭರದಲ್ಲಿ ಬಡತನವನ್ನು ಪೂಜಿಸಬಾರದು. ಬಾಬಾಸಾಹೇಬರು 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದ ಲೇಖನದಲ್ಲಿ, ಬಡತನವನ್ನು ಪವಿತ್ರಗೊಳಿಸುವ ಧರ್ಮ ಒಪ್ಪತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಕಬ್ಬು ಕಡಿಯುವ ಕಾಲಕ್ಕೆ ಹೊಲದ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಗುಡಿಸಲಲ್ಲಿ, ಗಾಡಿಯ ಕೆಳಗೆ ಮಕ್ಕಳನ್ನು ಮಲಗಿಸುವ ಕುಟುಂಬಗಳನ್ನು ನಾವೆಲ್ಲ ನೋಡಿದ್ದೇವೆ. ಊರಾಚೆ ಟೆಂಟು ಹಾಕುವ ಅಲೆಮಾರಿ ಸಮುದಾಯಗಳನ್ನು ನೋಡಿದ್ದೇವೆ. ಅವರ ಬಳಿ ಹೋಗಿ "ನೀವು ಎಷ್ಟು ಸರಳವಾಗಿ ಬದುಕುತ್ತೀರಿ" ಎಂದರೆ ಅದು ಕ್ರೌರ್ಯ. ನಾಲ್ಕು ದಿನದ ಮೇಲೆ ಹಿಂತಿರುಗಲು ಗೋಡೆಯುಳ್ಳ ಮನೆಯಿರುವ ನಮಗೆ ವ್ಯಾನಿನ ರಾತ್ರಿ ಆಯ್ಕೆ. ಅವರಿಗೆ ಆಯ್ಕೆಯಿಲ್ಲ. ಸರಳತೆ ಒಂದು ಗುಣವಾಗಬೇಕಾದರೆ ಮೊದಲು ಅದು ಆಯ್ಕೆಯಾಗಿರಬೇಕು.

ಈ "ಆಯ್ಕೆ" ಎಂಬ ಮಾತನ್ನು ನೆನಪಿಡಿ. ಮುಂದಿನ ಪ್ರಶ್ನೆಗೂ ಅದೇ ಬೀಗದಕೈ.

*ಅಜ್ಜಿಯ ಕ್ಯಾನು*

20 ಲೀಟರಿನ ಕ್ಯಾನನ್ನು ಕಟ್ಟುತ್ತಿದ್ದಾಗ ಮಗಳು ನೋಡಿ, "ಇದು ಅಜ್ಜಿ ಬಸ್ಸಿನಲ್ಲಿ ತಗೊಂಡು ಹೋಗೋ ಕ್ಯಾನೇ ಅಲ್ವಾ ಅಪ್ಪ, ದೊಡ್ಡದು ಅಷ್ಟೆ" ಎಂದಳು.

ಅಮ್ಮ ಎಲ್ಲಿಗೆ ಹೋದರೂ ಐದು ಲೀಟರಿನ ಕ್ಯಾನೊಂದನ್ನು ಹಿಡಿದೇ ಹೋಗುವವಳು. ಮದುವೆಗೆ, ಆಸ್ಪತ್ರೆಗೆ, ತವರಿಗೆ. ಬುತ್ತಿ, ನೀರು, ಒಂದು ಲೋಟ. "ದಾರೀಲಿ ಯಾರನ್ನೂ ಕೇಳಬಾರದು" ಎಂಬುದು ಅವಳ ನಿಯಮ. ಅವಳ ಬಾಲ್ಯದಲ್ಲಿ ಅವರೂರಿನ ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಲೋಟ, ಅದೂ ಮಾಡಿಗೆ ಸಿಕ್ಕಿಸಿರುತ್ತಿತ್ತು. ಕುಡಿದವರೇ ತೊಳೆದು ಮತ್ತೆ ಸಿಕ್ಕಿಸಬೇಕು. ಆ ಲೋಟವನ್ನು ಮುಟ್ಟುವುದಕ್ಕಿಂತ ಬಾಯಾರಿ ಇರುವುದೇ ಲೇಸು ಎಂದು ಅವಳ ತಾಯಿ ಕಲಿಸಿದರು. ಅಮ್ಮನ ಕ್ಯಾನಿನಲ್ಲಿ ಇದ್ದದ್ದು ನೀರೂ ಹೌದು, ಮಾನವೂ ಹೌದು.

ಹಾಗಾದರೆ ನನ್ನ ವ್ಯಾನು? ಕಾರಣ ದುಡ್ಡು ಎಂದು ಮೇಲೆ ಬರೆದೆ, ಅದು ನಿಜ. ಅದರ ಕೆಳಗೆ ಇನ್ನೊಂದು ಕಾರಣವೂ ಇದೆ. ಕೆಲವು ವರ್ಷದ ಹಿಂದೆ ಒಂದು ತಾಲ್ಲೂಕು ಕೇಂದ್ರದಲ್ಲಿ ರಾತ್ರಿ ಒಂಬತ್ತಕ್ಕೆ ಲಾಡ್ಜು ಕೇಳಿದೆವು. ರೂಮಿದೆ ಎಂದ ಮನುಷ್ಯ ಆಧಾರ್ ಕಾರ್ಡು ನೋಡಿದ, ನಮ್ಮ ಹೆಗಲಿನ ನೀಲಿ ಶಾಲು ನೋಡಿದ, "ಯಾವ ಪೈಕಿ?" ಎಂದ. ಆಮೇಲೆ ಒಳಗೆ ಹೋಗಿ ಬಂದು, ರೂಮು ಫುಲ್ ಎಂದ. ನಿಜಕ್ಕೂ ಫುಲ್ ಆಗಿದ್ದಿರಬಹುದು. ಅದನ್ನು ಸಾಬೀತು ಮಾಡಲಾಗದು. ನಮ್ಮ ಕಾಲದ ಅವಮಾನದ ಗುಣವೇ ಅದು: ಆದದ್ದು ಆದದ್ದೇ ಎಂದು ನಮಗೇ ಖಾತ್ರಿಯಿರುವುದಿಲ್ಲ. ದೂರು ಕೊಡಲು ಪುರಾವೆ ಇಲ್ಲ, ಮರೆಯಲು ಮನಸ್ಸಿಲ್ಲ.

ಮಂಚವಿರುವ ವ್ಯಾನು ಇಂಥ ರಾತ್ರಿಗಳನ್ನು ಇಲ್ಲವಾಗಿಸುತ್ತದೆ. ಮಗಳ ಮಾತು ಚುಚ್ಚಿದ್ದು ಅಲ್ಲೇ.

*ಒಂದು ಎತ್ತಿನ ಗಾಡಿಯ ನೆನಪು*

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಬರಹವನ್ನು ನಮ್ಮ ಬಳಗದಲ್ಲಿ ಹಲವು ಸಲ ಓದಿದ್ದೇವೆ. ಅದರ ಮೊದಲ ಪ್ರಸಂಗ 1901ರದ್ದು. ಒಂಬತ್ತು ವರ್ಷದ ಭೀಮರಾವ್, ಅಣ್ಣ ಮತ್ತು ಅಕ್ಕನ ಮಕ್ಕಳು ಸತಾರಾದಿಂದ ಕೋರೆಗಾಂವಿಗೆ, ತಂದೆಯನ್ನು ನೋಡಲು ಹೊರಟರು. ಹೊಸ ಬಟ್ಟೆ, ಹೊಸ ಟೊಪ್ಪಿ. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಹಾರ ಮಕ್ಕಳೆಂದು ತಿಳಿದ ಮೇಲೆ ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆಯುವುದು ಎಂದು ಒಪ್ಪಂದವಾಯಿತು.

ಆ ರಾತ್ರಿ ಸುಂಕದ ಕಟ್ಟೆಯ ಹತ್ತಿರ ಎತ್ತು ಬಿಚ್ಚಿ, ಗಾಡಿಯನ್ನು ನೆಲಕ್ಕೆ ಇಳಿಜಾರು ಮಾಡಿ ನಿಲ್ಲಿಸಿ, ಅದರ ಹಲಗೆಗಳ ಮೇಲೆ ಹಾಸಿಗೆ ಹಾಸಿಕೊಂಡು ಮಕ್ಕಳು ಮಲಗಿದರು. ಬುತ್ತಿ ತುಂಬ ಊಟವಿತ್ತು, ನೀರಿರಲಿಲ್ಲ. ಸುಂಕದವನೂ ನೀರು ಕೊಡಲಿಲ್ಲ. ನೀರಿಲ್ಲದೆ ಊಟ ಇಳಿಯಲಿಲ್ಲ, ಹಸಿದೇ ಮಲಗಿದರು.

ಗಾಡಿಯ ಹಲಗೆಯ ಮೇಲೆ ಹಾಸಿಗೆ! ನಮ್ಮ ವ್ಯಾನೂ ಅದೇ ತಾನೆ? ಬೇಕಾದದ್ದನ್ನೆಲ್ಲ ಕಟ್ಟಿಕೊಂಡು ಹೊರಟವರೂ ಒಂದಲ್ಲ ಒಂದು ಕಡೆ ಇನ್ನೊಬ್ಬರ ಮುಂದೆ ಕೈಯೊಡ್ಡಲೇಬೇಕು ಎಂಬುದನ್ನು ಆ ರಾತ್ರಿ ತೋರಿಸುತ್ತದೆ. 20 ಲೀಟರ್ ಎರಡು ದಿನಕ್ಕೆ ಮುಗಿಯುತ್ತದೆ. ಪಂಕ್ಚರ್ ಆಗುತ್ತದೆ. ಮಗುವಿಗೆ ಜ್ವರ ಬರುತ್ತದೆ. ಪೂರ್ತಿ ಸ್ವಾವಲಂಬಿಯಾದ ಗಾಡಿ ಇಲ್ಲ. ಸಮಾಜ ಸರಿಯಿಲ್ಲದಿದ್ದರೆ ಎಷ್ಟು ದೊಡ್ಡ ಕ್ಯಾನೂ ಸಾಲದು.

*ಚೇತನೆಯ ಅಳತೆ*

ಹಾಗೆಂದು ಕ್ಯಾನನ್ನು ಬಿಸಾಡಬೇಕೇ? ಇಲ್ಲ. ಭಗವಾನರು ಕಮ್ಮವನ್ನು ಚೇತನೆಯಿಂದ ಅಳೆದರು. ಇಲ್ಲಿ ಕಮ್ಮವೆಂದರೆ ಹಿಂದಿನ ಜನ್ಮದ ಲೆಕ್ಕವಲ್ಲ, ಈ ಹೊತ್ತು ನಾನು ಯಾವ ಉದ್ದೇಶದಿಂದ ಏನು ಮಾಡುತ್ತೇನೆ ಎಂಬ ನೀತಿ. ಒಂದೇ ಕ್ಯಾನನ್ನು ಎರಡು ಚೇತನೆಯಿಂದ ಹೊರಬಹುದು. ಬಾಯಾರಿಕೆ ತೀರಲಿ ಎಂದು ಹೊರುವುದು ಒಂದು. ಕೇಳುವ ಪ್ರಸಂಗವೇ ಬರದಿರಲಿ ಎಂದು ಹೊರುವುದು ಇನ್ನೊಂದು. ಮೊದಲನೆಯದರಲ್ಲಿ ವಿವೇಕವಿದೆ. ಎರಡನೆಯದರಲ್ಲಿ ನಮ್ಮನ್ನು ದೂರ ಇಟ್ಟವನ ಕೆಲಸವನ್ನು ನಾವೇ ಮುಂದುವರಿಸುವ ಅಪಾಯವಿದೆ. ಅವನು ಬಾಗಿಲು ಹಾಕುವ ಮೊದಲೇ ನಾವು ಬಾಗಿಲಿನತ್ತ ಹೋಗುವುದನ್ನು ಬಿಟ್ಟರೆ ಅವನಿಗೆ ಶ್ರಮವೇ ಇಲ್ಲ.

ಪರೀಕ್ಷೆ ಸುಲಭ. ಕ್ಯಾನು ಖಾಲಿಯಾದಾಗ ಎದುರಿನ ಮನೆಯವರನ್ನು ನೀರು ಕೇಳಲು ನನ್ನ ಕಾಲು ಏಳುತ್ತದೆಯೇ? ಏಳುತ್ತದೆಯಾದರೆ ಕ್ಯಾನು ನನ್ನ ಸಾಮಾನು. ಏಳದಿದ್ದರೆ ನಾನು ಕ್ಯಾನಿನ ಸಾಮಾನು.

ಆದರೆ ಚೇತನೆ ಒಂದರಿಂದಲೇ ಮಾತು ಮುಗಿಯುವುದಿಲ್ಲ. ಮಹಾಡನ್ನು ನೆನೆಯಿರಿ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಬೋಲೆಯವರ ಠರಾವು ಮುಂಬಯಿ ಶಾಸನ ಮಂಡಳಿಯಲ್ಲಿ 1923ರಲ್ಲೇ ಆಗಿತ್ತು. ಮಹಾಡಿನ ಪುರಸಭೆಯೂ ಅದನ್ನು ಒಪ್ಪಿಕೊಂಡಿತ್ತು. ಕಾಗದದ ಮೇಲೆ ಚವದಾರ್ ಕೆರೆ ನಮ್ಮದಾಗಿತ್ತು. ಆದರೆ 1927ರ ಮಾರ್ಚ್ 20ರಂದು ಬಾಬಾಸಾಹೇಬರೂ ಸಾವಿರಾರು ಜನರೂ ನಡೆದುಹೋಗಿ ಬೊಗಸೆಯಲ್ಲಿ ನೀರೆತ್ತುವವರೆಗೆ ಆ ಕಾಗದಕ್ಕೆ ಜೀವ ಬರಲಿಲ್ಲ. ಆಮೇಲೂ ಹೊಡೆತ, ಕೆರೆಯ "ಶುದ್ಧೀಕರಣ", ಕೋರ್ಟು, 1937ರವರೆಗೆ ಕಾಯುವಿಕೆ. ನೀರು ಕುಡಿಯದಿದ್ದರೆ ಸತ್ತೇನೂ ಹೋಗುತ್ತಿರಲಿಲ್ಲ ಎಂಬುದು ಬಾಬಾಸಾಹೇಬರಿಗೂ ಗೊತ್ತಿತ್ತು. ನಾವೂ ಮನುಷ್ಯರೆಂದು ಸ್ಥಾಪಿಸಲು ಹೋದರು.

ಇಂದು ಸಂವಿಧಾನದ 15(2)ನೇ ವಿಧಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನೂ, ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಯನ್ನೂ ಜಾತಿಯ ಕಾರಣಕ್ಕೆ ತಡೆಯಕೂಡದೆಂದು ಹೇಳುತ್ತದೆ. ಯಾರೂ ಆ ಬಾಗಿಲನ್ನು ತಟ್ಟದೆ ಎಲ್ಲರೂ ವ್ಯಾನಿನಲ್ಲೇ ಮಲಗಿದರೆ ಆ ವಿಧಿಗೂ ತುಕ್ಕು ಹಿಡಿಯುತ್ತದೆ. ಬಳಸದ ಹಕ್ಕು ಬಳಸದ ಬಾವಿಯ ಹಾಗೆ, ಹೂಳು ತುಂಬುತ್ತದೆ.

*ಒಂದು ಆಕ್ಷೇಪ, ಅದಕ್ಕೆ ಉತ್ತರ*

ನನ್ನ ಸಂಗಾತಿ ಇದಕ್ಕೆ ಒಂದು ಮಾತು ಹೇಳಿದಳು. "ರಾತ್ರಿ ಒಂಬತ್ತಕ್ಕೆ ವಯಸ್ಸಾದ ಅತ್ತೆಯನ್ನೂ ನಿದ್ದೆಗೆಟ್ಟ ಮಗುವನ್ನೂ ಕಟ್ಟಿಕೊಂಡು ನಾನು ಯಾಕೆ ದಿನಾ ಸತ್ಯಾಗ್ರಹ ಮಾಡಬೇಕು? ಬೇರೆಯವರು ಊರು ನೋಡಲು ಹೋಗುತ್ತಾರೆ. ನಾವು ಹೋದಲ್ಲೆಲ್ಲ ಹಕ್ಕು ಪರೀಕ್ಷೆ ಮಾಡಲೇ?"

ಇದು ಸರಿಯಾದ ಮಾತು. ಬಾಬಾಸಾಹೇಬರು ಮಹಾಡಿಗೆ ಪರಿಷತ್ತು ಸೇರಿಸಿ, ಜನ ಕಟ್ಟಿ, ಹಗಲಿನಲ್ಲಿ ಹೋದರು. ಒಂಟಿ ಮಗುವನ್ನು ಕೆರೆಗೆ ಕಳಿಸಲಿಲ್ಲ. ಒಂಟಿ ಮಕ್ಕಳು ರಾತ್ರಿಯಲ್ಲಿ ಏನನ್ನು ಎದುರಿಸಬೇಕಾಗುತ್ತದೆ ಎಂಬುದು ಕೋರೆಗಾಂವಿನ ದಾರಿಯಲ್ಲಿ ಅವರಿಗೆ ಗೊತ್ತಾಗಿತ್ತು. ಹಕ್ಕನ್ನು ಸ್ಥಾಪಿಸುವುದು ಸಮೂಹದ ಕೆಲಸ. ದಣಿದ ಒಂದು ಕುಟುಂಬ ಒಂದು ರಾತ್ರಿ ತನ್ನ ಗಾಡಿಯಲ್ಲಿ ನೆಮ್ಮದಿಯಾಗಿ ಮಲಗಿದರೆ ಅದು ಹೇಡಿತನವಲ್ಲ. ನೆಮ್ಮದಿಗೂ ನಮಗೆ ಹಕ್ಕಿದೆ. ಅತಿ ಭಯವೂ ಬೇಡ, ಸದಾ ಸೆಣಸುವ ಆತ್ಮದಂಡನೆಯೂ ಬೇಡ. ಮಧ್ಯಮ ಮಾರ್ಗ ಇಲ್ಲಿಯೂ ಇದೆ.

ಆದರೆ ಸಮೂಹವೆಂದರೆ ಬೇರೆ ಯಾರೋ ಅಲ್ಲ. ಒಂದು ರಾತ್ರಿ ನಾನು ಗಾಡಿಯಲ್ಲಿ ಮಲಗಿದ್ದೇನಾದರೆ, ಇನ್ನೊಂದು ಹಗಲು ನಮ್ಮ ತಾಲ್ಲೂಕಿನ ಯಾವುದೋ ಊರಿನಲ್ಲಿ ಕ್ಷೌರದಂಗಡಿಗೆ, ಹೋಟೆಲಿಗೆ ಪ್ರವೇಶವಿಲ್ಲ ಎಂಬ ಸುದ್ದಿ ಬಂದಾಗ ಹೋಗಿ ನಿಲ್ಲುವವರಲ್ಲಿ ನಾನೂ ಇರಬೇಕು. ವಿಶ್ರಾಂತಿ ಪಡೆದವನಿಗೆ ಆ ಋಣವಿದೆ.

*ಕುಂಬಾರನ ಕೊಟ್ಟಿಗೆ*

ಮಜ್ಝಿಮ ನಿಕಾಯದ ಧಾತುವಿಭಂಗ ಸುತ್ತದಲ್ಲಿ ಒಂದು ಪ್ರಸಂಗ ಬರುತ್ತದೆ. ತಥಾಗತರು ನಡೆಯುತ್ತಾ ರಾಜಗೃಹಕ್ಕೆ ಬಂದಾಗ ಭಗ್ಗವನೆಂಬ ಕುಂಬಾರನ ಬಳಿ ಹೋಗಿ, ನಿನಗೆ ತೊಂದರೆಯಿಲ್ಲವಾದರೆ ಒಂದು ರಾತ್ರಿ ನಿನ್ನ ಕೆಲಸದ ಕೊಟ್ಟಿಗೆಯಲ್ಲಿ ತಂಗುತ್ತೇನೆ ಎಂದು ಕೇಳುತ್ತಾರೆ. ನನಗೇನೂ ತೊಂದರೆಯಿಲ್ಲ, ಆದರೆ ಅಲ್ಲಿ ಆಗಲೇ ಒಬ್ಬರು ಇದ್ದಾರೆ, ಅವರು ಒಪ್ಪಿದರೆ ಇರಿ ಎನ್ನುತ್ತಾನೆ ಭಗ್ಗವ. ಒಳಗಿದ್ದವನು ಪುಕ್ಕುಸಾತಿ. ಭಗವಾನರು ಅವನನ್ನೂ ಕೇಳುತ್ತಾರೆ. ಅವನು ಜಾಗ ಕೊಡುತ್ತಾನೆ. ಬಂದವರು ಯಾರೆಂದು ಅವನಿಗೆ ಗೊತ್ತಿಲ್ಲ. ತಾನು ಯಾವ ಗುರುವಿನ ಹೆಸರಿನಲ್ಲಿ ಮನೆ ಬಿಟ್ಟು ಬಂದನೋ ಅವರೇ ಪಕ್ಕದ ಹುಲ್ಲಿನ ಮೇಲೆ ಕುಳಿತಿದ್ದಾರೆಂದು ಆ ರಾತ್ರಿಯ ಉಪದೇಶ ಕೇಳುತ್ತಾ ತಿಳಿಯುತ್ತದೆ.

ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕೇಳುವಿಕೆ. ಬುದ್ಧರು ಎರಡು ಸಲ ಕೇಳಿದರು, ಕುಂಬಾರನನ್ನು ಒಮ್ಮೆ, ಅತಿಥಿಯನ್ನು ಒಮ್ಮೆ. ಕೇಳುವುದರಿಂದ ಅವರು ಕಿರಿದಾಗಲಿಲ್ಲ. ಯಾರೂ ಯಾರ "ಪೈಕಿ"ಯನ್ನೂ ವಿಚಾರಿಸಲಿಲ್ಲ. ನಮಗೆ ಕೇಳುವುದೆಂದರೆ ಕುಗ್ಗುವುದು ಎಂದಾಗಿದ್ದು ಜಾತಿಯಿಂದ. ಕೇಳುವುದರ ಸಹಜತೆಯನ್ನೇ ಅದು ನಮ್ಮಿಂದ ಕಸಿದಿದೆ. ಅತ್ತದೀಪ ಎಂದರೆ ಯಾರನ್ನೂ ಏನನ್ನೂ ಕೇಳದಿರುವುದು ಎಂದು ಅರ್ಥವಲ್ಲ. ನನ್ನ ಬೆಲೆ ಎಷ್ಟೆಂದು ಇನ್ನೊಬ್ಬರನ್ನು ಕೇಳದಿರುವುದು. ನೀರನ್ನು ಕೇಳೋಣ, ಬೆಲೆಯನ್ನು ಕೇಳದಿರೋಣ.

ಇನ್ನು ನಮ್ಮ ನೆಲದ ಅಶೋಕನನ್ನು ನೋಡಿ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ದೇವಾನಾಂಪ್ರಿಯ ಎಂಬುದರ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಧಮ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆ ಎಂಬ ಮಾತು ಅಲ್ಲಿದೆ. ಅದೇ ಅರಸ ತನ್ನ ಬೇರೆ ಶಾಸನಗಳಲ್ಲಿ ದಾರಿಯುದ್ದಕ್ಕೂ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ತಂಗುದಾಣ ಕಟ್ಟಿಸಿದ್ದನ್ನೂ ಹೇಳುತ್ತಾನೆ, ಮನುಷ್ಯರಿಗೂ ಪ್ರಾಣಿಗಳಿಗೂ ಎಂದು. ಧಮ್ಮದ ದಾರಿಯೆಂದರೆ ಪ್ರತಿಯೊಬ್ಬನೂ ತನ್ನ ನೀರು ತಾನು ಹೊರುವ ದಾರಿಯಲ್ಲ, ಬಾವಿಯಿರುವ ದಾರಿ. ನಮ್ಮ ವ್ಯಾನು ಆ ದಾರಿ ಇನ್ನೂ ಪೂರ್ತಿಯಾಗಿಲ್ಲ ಎಂಬುದರ ಗುರುತು. ಅದನ್ನೇ ಗುರಿ ಎಂದುಕೊಳ್ಳಬಾರದು. ತೆಪ್ಪದ ದೃಷ್ಟಾಂತ ನಿಮಗೆಲ್ಲ ಗೊತ್ತು. ಹೊಳೆ ದಾಟಲು ತೆಪ್ಪ ಬೇಕು, ದಾಟಿದ ಮೇಲೆ ತಲೆಯ ಮೇಲೆ ಹೊತ್ತು ತಿರುಗುವುದು ಬೇಡ.

*ನಾವು ಇಟ್ಟುಕೊಂಡ ನಿಯಮಗಳು*

ಇಷ್ಟೆಲ್ಲ ಮಾತಾಡಿ ಮನೆಯವರೆಲ್ಲ ಸೇರಿ ನಾಲ್ಕು ನಿಯಮ ಮಾಡಿಕೊಂಡೆವು.

1. ಕ್ಯಾನು ತುಂಬಿಸುವುದು ಊರಿನ ನಲ್ಲಿಯಲ್ಲಿ ಅಥವಾ ಮನೆಯೊಂದರಲ್ಲಿ ಕೇಳಿ. ಕೇಳುವವರು ಸರದಿಯಲ್ಲಿ, ಮಕ್ಕಳು ಒಬ್ಬರೇ ಅಲ್ಲ.

2. ದಿನಕ್ಕೆ ಒಂದು ಹೊತ್ತಾದರೂ ಊರ ಹೋಟೆಲಿನಲ್ಲಿ ಎಲ್ಲರೂ ಕೂತು ತಿನ್ನುವುದು. ಅಮ್ಮನೂ ಕೂತು, ಅಲ್ಲಿನ ಲೋಟದಲ್ಲೇ ಕುಡಿಯುವುದು.

3. ಹಿಂದಿನ ಗಾಜಿನ ಮೇಲೆ ಬಾಬಾಸಾಹೇಬರ ಚಿತ್ರ, ಪಂಚಶೀಲದ ಧ್ವಜ ಇದ್ದೇ ಇರಬೇಕು. "ಹೊಸ ಊರು, ರಾತ್ರಿ ನಿಲ್ಲಿಸುವ ಗಾಡಿ, ಚಿತ್ರ ಬೇಡ" ಎಂದು ನೆಂಟರೊಬ್ಬರು ಹೇಳಿದ್ದರು. ಪರದೇಶದಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾದಲ್ಲಿ ತಂಗಲು ಪಾರ್ಸಿ ಹೆಸರು ಹೇಳಿಕೊಳ್ಳಬೇಕಾಯಿತು. ಅದು ಗೊತ್ತಾದಾಗ ದೊಣ್ಣೆ ಹಿಡಿದ ಗುಂಪು ಬಾಗಿಲಿಗೆ ಬಂತು. ಅವರಿಗೆ ಅಂದು ಬೇರೆ ದಾರಿಯಿರಲಿಲ್ಲ. ನಮಗೆ ಅವರೇ ದಾರಿ ಮಾಡಿಕೊಟ್ಟಿದ್ದಾರೆ. ನಮ್ಮ ಗಾಡಿ ನಮ್ಮ ಹೆಸರಿನಲ್ಲೇ ಓಡಲಿ. ಹೆಸರು ಮುಚ್ಚದ ಗಾಡಿಯಲ್ಲಿ ಮಲಗಿದವರನ್ನು ಅಡಗಿಕೊಂಡವರು ಎನ್ನಲಾಗದು.

4. ನಮ್ಮ ಕ್ಯಾನಿನ ನೀರನ್ನು ಕೇಳಿದವರಿಗೆಲ್ಲ ಕೊಡುವುದು. ಇದನ್ನು ಸೇರಿಸಿದ್ದು ಮಗಳು.

ನಾಲ್ಕನೆಯ ನಿಯಮ ಬ್ರಹ್ಮಗಿರಿಯ ಬುಡದಲ್ಲಿ ಮೊದಲ ಸಲ ಕೆಲಸಕ್ಕೆ ಬಂತು. ಬಿಸಿಲಲ್ಲಿ ಕುರಿ ಹೊಡೆದುಕೊಂಡು ಬಂದ ಮುದುಕರೊಬ್ಬರು ನೀರಿದೆಯಾ ಎಂದರು. ಅಮ್ಮ ತನ್ನ ಲೋಟವನ್ನೇ ತುಂಬಿ ಕೊಟ್ಟಳು. ಅವರು ಎತ್ತಿ ಕುಡಿಯಲಿಲ್ಲ, ಕಚ್ಚಿಯೇ ಕುಡಿದರು. ಹಿಂದಿನ ಗಾಜಿನ ಚಿತ್ರವನ್ನು ನೋಡಿದರು, ಇನ್ನೊಂದು ಲೋಟ ಕೇಳಿದರು. ಅಮ್ಮ ಏನೂ ಹೇಳಲಿಲ್ಲ. ಆದರೆ ಎಪ್ಪತ್ತು ವರ್ಷ ಯಾರನ್ನೂ ಕೇಳದಿರಲೆಂದು ಹೊತ್ತ ಕ್ಯಾನು ಅಂದು ಇನ್ನೊಬ್ಬರು ಕೇಳುವ ಕ್ಯಾನಾಯಿತು. ದಾನ ಪಾರಮಿಯ ಬಗ್ಗೆ ನಾವು ಬಳಗದಲ್ಲಿ ಬಹಳ ಓದಿದ್ದೇವೆ. ಕೊಡುವವನ ಸ್ಥಾನದಲ್ಲಿ ನಿಲ್ಲುವುದು ಶತಮಾನಗಳ ಕಾಲ ನಿರಾಕರಿಸಲ್ಪಟ್ಟವರಿಗೆ ಎಂಥ ಔಷಧ ಎಂಬುದನ್ನು ಆ ಲೋಟ ತಿಳಿಸಿತು.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ? ಮನೆಯನ್ನು ಹೊತ್ತು ಹೊರಡುವುದರಲ್ಲಿ ಸ್ವಾತಂತ್ರ್ಯವೂ ಇಲ್ಲ, ದಾಸ್ಯವೂ ಇಲ್ಲ. ಬೇಕೆಂದಾಗ ಅದರಿಂದ ಇಳಿದು ಊರಿನೊಳಗೆ ನಡೆಯಬಲ್ಲೆನೇ, ನನ್ನ ಹೆಸರಿನಲ್ಲೇ ಕೇಳಬಲ್ಲೆನೇ, ಕೇಳಿದವರಿಗೆ ಕೊಡಬಲ್ಲೆನೇ ಎಂಬುದರಲ್ಲಿ ಇದೆ.

*ಇಂದು ಮನೆಯಲ್ಲಿ ಮಾತಾಡಲು:*

• ನಾವು ಹೊರಗೆ ಹೋಗುವಾಗ ಕಟ್ಟಿಕೊಳ್ಳುವ ಸಾಮಾನಿನಲ್ಲಿ ಅಗತ್ಯಕ್ಕೆ ಇರುವುದು ಯಾವುದು, ಭಯಕ್ಕೆ ಇರುವುದು ಯಾವುದು?
• ನಮ್ಮ ಮನೆಯ ಹಿರಿಯರು ಎಲ್ಲಿ ನೀರು ಕೇಳದೆ ಬಾಯಾರಿ ಬಂದರು? ಅವರನ್ನು ಕೇಳಿ, ಮಕ್ಕಳ ಮುಂದೆ ಹೇಳಿಸಿ.
• ಈ ವಾರ ನಾವು ಯಾರಿಗೆ ಏನು ಕೊಡಬಲ್ಲೆವು, ಯಾರನ್ನು ಏನು ಕೇಳಬಲ್ಲೆವು?

ಐದು ನಿಮಿಷ ಆನಾಪಾನ ಮಾಡಿ, ತಿಸರಣ ಪಂಚಶೀಲ ಹೇಳಿ ದಿನ ಶುರು ಮಾಡಿ.

*ಭವತು ಸಬ್ಬ ಮಂಗಲಂ. ಜೈಭೀಮ್.*
🙏 ಓದಿದವರು ಇನ್ನೊಬ್ಬರಿಗೆ ಕಳಿಸಿ.